ಸಂಧಿವಾತಕ್ಕೆ ಅರಿಶಿನದ ಕ್ಯಾಪ್ಸೂಲ್, ಮೀನೆಣ್ಣೆ, ಪ್ರೋಬಯಾಟಿಕ್: ಯಾವುದು ಇರಲಿ, ಯಾವುದು ಬೇಡ?

ಪ್ರಶ್ನೆ: ನಮ್ಮ ಅವ್ವನಿಗೆ 54 ವರ್ಷ. ಗದಗದಲ್ಲಿ ಇರ್ತಾರೆ, ನಾನು ಬೆಂಗಳೂರಿನಲ್ಲಿ. ಒಂದೂವರೆ ವರ್ಷದಿಂದ ಅವರಿಗೆ ರುಮಟಾಯ್ಡ್ ಸಂಧಿವಾತ ಇದೆ. ಪ್ರತಿ ಭಾನುವಾರ ಮೆಥೊಟ್ರೆಕ್ಸೇಟ್ 15 ಮಿ.ಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್, ಬುಧವಾರ ಫೋಲಿಕ್ ಆಸಿಡ್ ತಗೋತಾರೆ. ಬೆರಳಿನ ಊತ ಇಳಿದಿದೆ. ಆದರೆ ಬೆಳಿಗ್ಗೆ ಅರ್ಧ ಗಂಟೆ ಕೈ ಬಿಗಿ ಇರುತ್ತೆ. ಹೋದ ಸಲ ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ 18 ಬಂತು. ಪರಿಚಯದವರೊಬ್ಬರು ಉರಿಯೂತ ಕಡಿಮೆ ಮಾಡುತ್ತೆ ಅಂತ ಮೂರು ಡಬ್ಬಿ ಕೊಟ್ಟಿದ್ದಾರೆ: ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್, ಒಮೆಗಾ-3 ಕ್ಯಾಪ್ಸೂಲ್, ಪ್ರೋಬಯಾಟಿಕ್ ಪುಡಿ. ತಿಂಗಳಿಗೆ 3,800 ರೂಪಾಯಿ. ಇವನ್ನು ಶುರು ಮಾಡಿ ಎರಡು ವಾರ ಆಯ್ತು. ಅವತ್ತಿನಿಂದ ಅವ್ವ ಭಾನುವಾರದ ಮಾತ್ರೆ ಬಿಟ್ಟಿದ್ದಾರೆ, ‘ಆರಾಮ ಅದೀನಿ’ ಅಂತಾರೆ. ಇವನ್ನು ಮುಂದುವರಿಸಬಹುದಾ? ಇನ್ನೊಂದು ಮಾತು, ಅವರು ತತ್ತಿ ಕೂಡ ಮುಟ್ಟಲ್ಲ. ಒಮೆಗಾ ಅಂದರೆ ಮೀನೆಣ್ಣೆ ಅಂತ ನಾನಿನ್ನೂ ಹೇಳಿಲ್ಲ.

ಉತ್ತರ: ನೀವು ಕೇಳಿರುವುದು ಡಬ್ಬಿಗಳ ಬಗ್ಗೆ. ಆದರೆ ಅವಸರ ಇರುವುದು ತಪ್ಪಿದ ಎರಡು ಭಾನುವಾರಗಳದ್ದು. ಅದನ್ನು ಮೊದಲು ನೋಡೋಣ.

ಇವತ್ತೇ ತಾಯಿಯವರ ವೈದ್ಯರಿಗೆ ಫೋನ್ ಮಾಡಿ, ಎರಡು ವಾರ ಮಾತ್ರೆ ತಪ್ಪಿದೆ ಎಂದು ಹೇಳಿ. ಜ್ವರ, ಸೋಂಕು, ಬಾಯಿಹುಣ್ಣು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದಿನ ಭಾನುವಾರ ಎಂದಿನ ಡೋಸ್‌ನಿಂದಲೇ ಮತ್ತೆ ಶುರು ಮಾಡಿಸುತ್ತಾರೆ. ತಪ್ಪಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗುವುದು ಬೇಡ. ದಿನಾ ನುಂಗುವುದಂತೂ ಬೇಡವೇ ಬೇಡ. ವಾರಕ್ಕೊಮ್ಮೆಯ ಈ ಮಾತ್ರೆಯನ್ನು ತಪ್ಪಿ ದಿನಾ ತಿಂದು, ರಕ್ತಕಣಗಳು ಕುಸಿದು ಜೀವಕ್ಕೆ ಕುತ್ತು ಬಂದ ಪ್ರಕರಣಗಳು ನಮ್ಮ ದೇಶದಲ್ಲೂ ಇವೆ.

‘ಮಾತ್ರೆ ಬಿಟ್ಟರೂ ಆರಾಮ ಇದ್ದೀನಿ’ ಅನ್ನುವುದು ಸುಳ್ಳಲ್ಲ. ಮೆಥೊಟ್ರೆಕ್ಸೇಟ್ ನಿಧಾನದ ಔಷಧ. ಕೆಲಸ ಶುರು ಮಾಡಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಬಿಟ್ಟ ಮೇಲೂ ಅದರ ಪರಿಣಾಮ ಕೆಲವು ವಾರ ಉಳಿದಿರುತ್ತದೆ. ಹಾಗಾಗಿ ಹಳೆ ಮಾತ್ರೆ ಬಿಟ್ಟು ಹೊಸ ಡಬ್ಬಿ ಹಿಡಿದವರಿಗೆ ಮೊದಲ ತಿಂಗಳು ಎಲ್ಲವೂ ಸರಿ ಅನ್ನಿಸುತ್ತದೆ. ಕೆಲಸ ಮಾಡಿದ್ದು ಹಳೆ ಮಾತ್ರೆ, ಹೆಸರು ಬಂದದ್ದು ಡಬ್ಬಿಗೆ. ಆಮೇಲೆ ಒಂದು ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ಓಪಿಡಿಯಲ್ಲಿ ನಾವು ಇದನ್ನು ಪದೇ ಪದೇ ನೋಡುತ್ತೇವೆ. ಅಷ್ಟರಲ್ಲಿ ಕೀಲಿನ ಮೂಳೆ ಸವೆದಿದ್ದರೆ ಅದು ಮತ್ತೆ ಬೆಳೆಯುವುದಿಲ್ಲ. ಈ ಕಾಯಿಲೆಯಲ್ಲಿ ಜಾಸ್ತಿ ಹಾನಿ ಆಗುವುದು ಮೊದಲ ಕೆಲವು ವರ್ಷಗಳಲ್ಲೇ. ತಾಯಿಯವರು ಈಗ ಆ ಹಂತದಲ್ಲೇ ಇದ್ದಾರೆ.

ಇನ್ನು ‘ಉರಿಯೂತ’. ಕಾಲಿಗೆ ಮುಳ್ಳು ಚುಚ್ಚಿದಾಗ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದೂ ಉರಿಯೂತವೇ. ಅದು ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ. ನಾಲ್ಕು ದಿನಕ್ಕೆ ತಣ್ಣಗಾಗುತ್ತದೆ. ರುಮಟಾಯ್ಡ್‌ನಲ್ಲಿ ರೋಗನಿರೋಧಕ ಶಕ್ತಿ ತನ್ನದೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಿರುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲ. ಬೊಜ್ಜಿನಿಂದ ಬರುವ ಸಣ್ಣ ಮಟ್ಟದ ಉರಿಯೂತ ಬೇರೆ, ಕರುಳಿನ ಹುಣ್ಣಿನದು ಬೇರೆ, ಮೊಣಕಾಲು ಸವೆತದ್ದು ಬೇರೆ. ಡಬ್ಬಿಯ ಮೇಲೆ ಮಾತ್ರ ಎಲ್ಲಕ್ಕೂ ಒಂದೇ ಪದ. ಒಂದು ಕಾಯಿಲೆಯಲ್ಲಿ ಸಿಕ್ಕ ಫಲಿತಾಂಶ ತೋರಿಸಿ ಇನ್ನೊಂದು ಕಾಯಿಲೆಯವರಿಗೆ ಮಾರುವುದು ಅದರಿಂದಲೇ ಸುಲಭ. ಸಿಆರ್‌ಪಿಯೂ ಹಾಗೇ. ಅದು ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡದ್ದು. ಹಲ್ಲಿನ ಕೀವು, ಮೂತ್ರದ ಸೋಂಕು, ಒಂದು ಜ್ವರ ಸಾಕು ಅದು ಏರಲು. ಸೋಂಕು ವಾಸಿಯಾದರೆ ತಾನಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಕ್ಯಾಪ್ಸೂಲ್ ಶುರು ಮಾಡಿದ್ದರೆ ‘ಸಿಆರ್‌ಪಿ ಅರ್ಧಕ್ಕೆ ಇಳಿಯಿತು’ ಎಂಬ ಜಾಹೀರಾತು ರೆಡಿ.

ಮೂರರಲ್ಲಿ ನನಗೆ ಚಿಂತೆ ತರುವುದು ಅರಿಶಿನದ ಕ್ಯಾಪ್ಸೂಲ್. ಅರಿಶಿನ ನಮ್ಮ ಮನೆಯದು, ಅದರಿಂದ ಏನಾಗುತ್ತೆ ಎಂದು ಎಲ್ಲರೂ ಕೇಳುತ್ತಾರೆ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದಿಂದ ಏನೂ ಆಗುವುದಿಲ್ಲ, ಹಾಕಿಕೊಳ್ಳಿ. ಆದರೆ ಲೆಕ್ಕ ನೋಡಿ. ಅರಿಶಿನ ಪುಡಿಯಲ್ಲಿ ಅದರ ಸತ್ವವಾದ ಕರ್ಕ್ಯುಮಿನ್ ಇರುವುದು ಶೇ. 3ರ ಆಸುಪಾಸು. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ, ಅಂದರೆ 90 ಮಿ.ಗ್ರಾಂ ಕರ್ಕ್ಯುಮಿನ್. ಮಾರುಕಟ್ಟೆಯ ಕ್ಯಾಪ್ಸೂಲ್ ಸಾಮಾನ್ಯವಾಗಿ 500 ಮಿ.ಗ್ರಾಂನದು, ಅದರಲ್ಲಿ ಶೇ. 95 ಕರ್ಕ್ಯುಮಿನ್. ಒಂದು ಕ್ಯಾಪ್ಸೂಲ್ ಅಂದರೆ ಐದು ಚಮಚ ಅರಿಶಿನ. ದಿನಕ್ಕೆ ಎರಡು ನುಂಗಿದರೆ ಹತ್ತು ಚಮಚ. ಯಾವ ಅಜ್ಜಿಯೂ ಯಾರಿಗೂ ದಿನಾ ಹತ್ತು ಚಮಚ ಅರಿಶಿನ ತಿನ್ನಿಸಿಲ್ಲ. ‘ನಮ್ಮ ಹಿರಿಯರು ಸಾವಿರಾರು ವರ್ಷದಿಂದ ತಿಂದಿಲ್ವಾ’ ಎಂಬ ಮಾತು ಈ ಕ್ಯಾಪ್ಸೂಲಿಗೆ ಹೊಂದುವುದಿಲ್ಲ.

ಮೆಣಸು ಯಾಕೆ ಸೇರಿಸುತ್ತಾರೆ? ಇದರ ಮೂಲ ನಮ್ಮ ಬೆಂಗಳೂರಿನಲ್ಲೇ ಇದೆ. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ಸೇರಿದ ಅಲ್ಪಸ್ವಲ್ಪವನ್ನೂ ಲಿವರ್ ಬೇಗ ಹೊರಹಾಕುತ್ತದೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಕೆಲವೇ ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸತ್ವ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ದಷ್ಟು ಹೆಚ್ಚಿತು. ಜಗತ್ತಿನ ಎಷ್ಟೋ ಅರಿಶಿನದ ಡಬ್ಬಿಗಳ ಮೇಲೆ ಇವತ್ತು ಇರುವುದು ಇದೇ ಸಂಖ್ಯೆ. ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಕಂಡದ್ದು ನಾಮಕಾವಸ್ತೆ ಮಾತ್ರ, ಹೆಚ್ಚಳದ ಲೆಕ್ಕ ಅದರ ಮೇಲೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ.

ಪೈಪರಿನ್ ಇದನ್ನು ಹೇಗೆ ಮಾಡುತ್ತದೆ ಎಂಬುದೇ ಮುಖ್ಯ. ಕರುಳಿನ ಗೋಡೆ ಮತ್ತು ಲಿವರ್‌ನಲ್ಲಿ ಹೊರಗಿನ ವಸ್ತುಗಳನ್ನು ಒಡೆದು ಹೊರಹಾಕುವ ಕಿಣ್ವಗಳಿವೆ. ಪೈಪರಿನ್ ಅವುಗಳ ಕೈ ಕಟ್ಟುತ್ತದೆ. ಆ ಕಿಣ್ವಗಳು ಕರ್ಕ್ಯುಮಿನ್ ಒಂದಕ್ಕೇ ಮೀಸಲಲ್ಲ. ನಾವು ಕೊಡುವ ಎಷ್ಟೋ ಔಷಧಗಳೂ ಅದೇ ದಾರಿಯಲ್ಲಿ ಹೋಗಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಟ್ಟ ಪೈಪರಿನ್‌ನಿಂದ ಏರುವುದನ್ನು ತೋರಿಸಿದ್ದಾರೆ. ಅಡುಗೆಯ ಮೆಣಸಿಗೆ ಹೆದರಬೇಕಿಲ್ಲ. ಸಾರ ತೆಗೆದು ದಿನಾ ನುಂಗಿಸುವುದು ಬೇರೆ ವಿಷಯ.

ಲಿವರ್‌ಗೆ ಬರೋಣ. ಔಷಧದಿಂದ ಆಗುವ ಲಿವರ್ ಹಾನಿಯನ್ನು ದಾಖಲಿಸುವ ಒಂದು ಜಾಲ ಅಮೆರಿಕದಲ್ಲಿದೆ. ಅರಿಶಿನದ ಪೂರಕಗಳಿಂದ ಲಿವರ್ ಕೆಟ್ಟ 10 ಪ್ರಕರಣಗಳನ್ನು ಅವರು ವರದಿ ಮಾಡಿದರು. ಅವರಲ್ಲಿ 7 ಮಂದಿಗೆ ಒಂದೇ ಬಗೆಯ ಆನುವಂಶಿಕ ಗುರುತು ಇತ್ತು. ಒಬ್ಬರು ತೀರಿಕೊಂಡರು. ಇಟಲಿಯಲ್ಲಿ 2019ರಲ್ಲಿ ಇಪ್ಪತ್ತರ ಆಸುಪಾಸು ಜನಕ್ಕೆ ಹೀಗೇ ಹೆಪಟೈಟಿಸ್ ಆಯಿತು. ಕೋಟ್ಯಂತರ ಜನ ನುಂಗುವ ವಸ್ತುವಿಗೆ ಇದು ಅಪರೂಪ, ಒಪ್ಪುತ್ತೇನೆ. ಆರೋಗ್ಯವಂತ ಹುಡುಗನೊಬ್ಬ ಕೇಳಿದ್ದರೆ ನಾನು ಇಷ್ಟು ಬಿಗಿಯಾಗಿ ಬೇಡ ಅನ್ನುತ್ತಿರಲಿಲ್ಲ. ಆದರೆ ನಿಮ್ಮ ತಾಯಿಯವರು ಮೆಥೊಟ್ರೆಕ್ಸೇಟ್ ಮೇಲೆ ಇದ್ದಾರೆ. ಅದರಿಂದ ಲಿವರ್‌ಗೆ ತೊಂದರೆ ಆಗಬಹುದು ಎಂದೇ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇವೆ. ನಾಳೆ ಪರೀಕ್ಷೆಯಲ್ಲಿ ಲಿವರ್ ಎಂಜೈಮ್ ಏರಿದರೆ ದೂರು ಯಾರ ಮೇಲೆ? ವೈದ್ಯರು ಮೆಥೊಟ್ರೆಕ್ಸೇಟ್ ನಿಲ್ಲಿಸುತ್ತಾರೆ. ಕೆಲಸ ಮಾಡುತ್ತಿದ್ದ ಔಷಧ ಹೋಗುತ್ತದೆ, ಕ್ಯಾಪ್ಸೂಲ್ ಉಳಿಯುತ್ತದೆ.

ಅರಿಶಿನಕ್ಕೆ ರುಮಟಾಯ್ಡ್‌ನಲ್ಲಿ ಆಧಾರವೇ ಇಲ್ವಾ? ಇದೆ, ಸಣ್ಣದು. 2012ರಲ್ಲಿ ಪ್ರಕಟವಾದ ಕೇರಳದ ಒಂದು ಅಧ್ಯಯನದಲ್ಲಿ 45 ರೋಗಿಗಳನ್ನು 8 ವಾರ ನೋಡಿದರು. ಕರ್ಕ್ಯುಮಿನ್ ತೆಗೆದುಕೊಂಡವರಿಗೆ ನೋವು, ಊತ ಡೈಕ್ಲೋಫಿನಾಕ್‌ಗಿಂತ ಚೆನ್ನಾಗಿ ಇಳಿಯಿತು. ಆದರೆ ಡೈಕ್ಲೋಫಿನಾಕ್ ನೋವಿನ ಮಾತ್ರೆ, ಕೀಲು ಸವೆಯುವುದನ್ನು ಅದೂ ತಡೆಯುವುದಿಲ್ಲ. ನಿಮ್ಮ ತಾಯಿಯವರು ಬಿಟ್ಟಿರುವುದು ಸವೆತ ತಡೆಯುವ ಮಾತ್ರೆಯನ್ನು. ಅದರ ಎದುರು ನಿಲ್ಲಿಸಿ ನೋಡಿದ ಅಧ್ಯಯನ ಅಲ್ಲ ಅದು. ಹಾಗಾಗಿ ಮೊದಲ ಡಬ್ಬಿ ನಿಲ್ಲಿಸಿ.

ಎರಡನೇ ಡಬ್ಬಿಯ ವಿಷಯ ಸ್ವಲ್ಪ ಬೇರೆ. ರುಮಟಾಯ್ಡ್‌ನಲ್ಲಿ ಪೂರಕಗಳ ಪೈಕಿ ಗಟ್ಟಿ ಆಧಾರ ಇರುವುದು ಮೀನೆಣ್ಣೆಗೇ. ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಅರಾಕಿಡೋನಿಕ್ ಆಸಿಡ್ ಎಂಬ ಕೊಬ್ಬಿನಿಂದ ಊತ, ನೋವು ತರುವ ರಾಸಾಯನಿಕಗಳು ಹುಟ್ಟುತ್ತವೆ. ಮೀನೆಣ್ಣೆಯಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಮೆಲ್ಲಗೆ ಅದರ ಜಾಗ ಹಿಡಿಯುತ್ತವೆ. ಆಗ ಹುಟ್ಟುವ ರಾಸಾಯನಿಕಗಳ ಕಾವು ಕಡಿಮೆ. ಈ ಬದಲಾವಣೆಗೆ ಎರಡು ಮೂರು ತಿಂಗಳು ಬೇಕು. ಎರಡು ವಾರದಲ್ಲಿ ಗುಣ ಕಂಡಿತು ಅನ್ನುವುದು ಮೀನೆಣ್ಣೆಯ ಗುಣ ಆಗಿರಲಿಕ್ಕಿಲ್ಲ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹೊಸದಾಗಿ ರುಮಟಾಯ್ಡ್ ಬಂದ 140 ಮಂದಿಯ ಮೇಲೆ ಒಂದು ಒಳ್ಳೆಯ ಪ್ರಯೋಗ ನಡೆಯಿತು. ಎಲ್ಲರಿಗೂ ಮೆಥೊಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರನ್ನೂ ಕೊಟ್ಟರು. ಜೊತೆಗೆ ಕೆಲವರಿಗೆ ದಿನಕ್ಕೆ 5.5 ಗ್ರಾಂ ಇಪಿಎ-ಡಿಎಚ್‌ಎ, ಉಳಿದವರಿಗೆ ಬರೀ 0.4 ಗ್ರಾಂ. ಜಾಸ್ತಿ ಪಡೆದವರಲ್ಲಿ ಔಷಧ ಸೋತವರು ಕಡಿಮೆ, ಕಾಯಿಲೆ ಹತೋಟಿಗೆ ಬಂದವರು ಹೆಚ್ಚು. ಎರಡು ಗುಂಪಿನವರೂ ಮಾತ್ರೆ ಬಿಟ್ಟಿರಲಿಲ್ಲ ಎಂಬುದನ್ನು ತಾಯಿಯವರಿಗೆ ದಯವಿಟ್ಟು ಓದಿ ಹೇಳಿ.

ಡೋಸ್ ಲೆಕ್ಕ ಮಾಡೋಣ. ಕೀಲುನೋವಿಗೆ ಪ್ರಯೋಜನ ಕಂಡಿರುವುದು ಹೆಚ್ಚಾಗಿ ದಿನಕ್ಕೆ 2.7 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಪಿಎ-ಡಿಎಚ್‌ಎ ಕೊಟ್ಟಾಗ. ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ‘1000 ಮಿ.ಗ್ರಾಂ’ ಎಂದಿರುತ್ತದೆ. ಅದು ಎಣ್ಣೆಯ ತೂಕ. ಹಿಂದೆ ಸಣ್ಣ ಅಕ್ಷರ ನೋಡಿ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿ.ಗ್ರಾಂ. ಅಂದರೆ ದಿನಕ್ಕೆ ಒಂಬತ್ತು ಕ್ಯಾಪ್ಸೂಲ್ ನುಂಗಬೇಕು! ದಿನಕ್ಕೆ ಒಂದು ಎಂದು ಬರೆದಿದ್ದರೆ, ಪ್ರಯೋಗದಲ್ಲಿ ಕೆಲಸ ಮಾಡಿದ ಡೋಸ್‌ನ ಒಂಬತ್ತನೇ ಒಂದು ಭಾಗಕ್ಕೆ ನೀವು ದುಡ್ಡು ಕೊಡುತ್ತಿದ್ದೀರಿ. ಹಾಗಂತ ನೀವೇ ಒಂಬತ್ತು ಕೊಡಬೇಡಿ. ದೊಡ್ಡ ಡೋಸ್‌ನಿಂದ ಕೆಲವರಿಗೆ ಎದೆಬಡಿತದ ಲಯ ತಪ್ಪುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ವೈದ್ಯರ ಕಣ್ಣು ಬೇಕೇ ಬೇಕು.

ಮೀನೆಣ್ಣೆ ಎಂಬುದನ್ನು ತಾಯಿಯವರಿಗೆ ಹೇಳಿಬಿಡಿ. ಇದು ವೈದ್ಯಕೀಯ ಸಲಹೆ ಅಲ್ಲ ಅನ್ನಿಸಬಹುದು, ಆದರೂ ಹೇಳುತ್ತೇನೆ. ಡಬ್ಬಿಯ ಮೇಲೆ ಕಂದು ಬಣ್ಣದ ಮಾಂಸಾಹಾರದ ಗುರುತು ಇದ್ದೇ ಇರುತ್ತದೆ. ಒಂದು ದಿನ ಯಾರಾದರೂ ತೋರಿಸುತ್ತಾರೆ. ಅವತ್ತು ಅವರಿಗೆ ನಂಬಿಕೆ ಹೋಗುವುದು ಮೀನೆಣ್ಣೆಯ ಮೇಲೆ ಮಾತ್ರ ಅಲ್ಲ, ನೀವು ಕೊಡುವ ಎಲ್ಲ ಮಾತ್ರೆಗಳ ಮೇಲೂ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಒಮೆಗಾ-3 ಸಿಗುತ್ತದೆ. ಮೀನಿಗೂ ಅದು ಬರುವುದು ಪಾಚಿಯಿಂದಲೇ ಅಲ್ವಾ. ಬೆಲೆ ಜಾಸ್ತಿ, ಇಪಿಎ-ಡಿಎಚ್‌ಎ ಎಷ್ಟಿದೆ ಎಂದು ಅಲ್ಲೂ ಹಿಂದೆ ತಿರುಗಿಸಿ ನೋಡಬೇಕು. ನಮ್ಮ ಕಡೆಯ ಅಗಸಿ ಚಟ್ನಿ ಆಗಲ್ವಾ ಎಂದು ಗದಗಿನವರು ಕೇಳೇ ಕೇಳುತ್ತಾರೆ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಇನ್ನೊಂದು ಒಮೆಗಾ-3. ದೇಹ ಅದರಲ್ಲಿ ನೂರಕ್ಕೆ ಹತ್ತು ಪಾಲನ್ನೂ ಇಪಿಎ ಮಾಡಲಾರದು, ಡಿಎಚ್‌ಎ ಆಗುವುದು ಇನ್ನೂ ತೀರಾ ಕಡಿಮೆ. ರೊಟ್ಟಿ ಜೊತೆ ಅಗಸಿ ಚಟ್ನಿ ಧಾರಾಳವಾಗಿ ತಿನ್ನಲಿ, ನಾರು ಸಿಗುತ್ತೆ, ರುಚಿ ಇರುತ್ತೆ. ಪ್ರಯೋಗದ ಡೋಸ್ ಅದರಿಂದ ಸಿಗುವುದಿಲ್ಲ.

ಈಗ ಪ್ರೋಬಯಾಟಿಕ್, ಅಂದರೆ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಸಂಧಿವಾತಕ್ಕೂ ನಂಟಿದೆ ಎಂಬುದು ಬುಡವಿಲ್ಲದ ಮಾತಲ್ಲ. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಹೊಸದಾಗಿ ರುಮಟಾಯ್ಡ್ ಬಂದವರ ಕರುಳಿನಲ್ಲಿ ಪ್ರೆವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನು ಕಂಡರು. ಆದರೆ ನಂಟು ಇದೆ ಎಂದ ಮಾತ್ರಕ್ಕೆ ಮೇಲಿಂದ ಒಂದಿಷ್ಟು ಬ್ಯಾಕ್ಟೀರಿಯಾ ಸುರಿದರೆ ಸರಿಹೋಗುತ್ತದೆ ಎಂದಲ್ಲ. ಕರುಳಿನಲ್ಲಿ ಆಗಲೇ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಇವೆ. ಹೊಸಬರಿಗೆ ತುಂಬಿದ ಬಸ್ಸು ಹತ್ತಿದ ಸ್ಥಿತಿ. ನಿಲ್ಲಲು ಜಾಗ ಸಿಗದೆ ಎರಡು ಸ್ಟಾಪ್ ಆದ ಮೇಲೆ ಇಳಿದುಬಿಡುತ್ತಾರೆ. ಪುಡಿ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಅವುಗಳ ಸುಳಿವೂ ಉಳಿಯುವುದಿಲ್ಲ.

ಪ್ರೋಬಯಾಟಿಕ್‌ನಲ್ಲಿ ತಳಿಯೇ ಎಲ್ಲ. ‘ಲ್ಯಾಕ್ಟೊಬ್ಯಾಸಿಲಸ್’ ಎಂದಷ್ಟೇ ಬರೆದಿದ್ದರೆ ಏನೂ ಹೇಳಿದ ಹಾಗಲ್ಲ. ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನ ಸೈನಿಕರೆಲ್ಲ ಆಮಶಂಕೆಯಿಂದ ಮಲಗಿದ್ದಾಗ ಒಬ್ಬ ಸೈನಿಕನಿಗೆ ಮಾತ್ರ ಏನೂ ಆಗಲಿಲ್ಲ. ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯ 1917ರಲ್ಲಿ ಅವನ ಮಲದಿಂದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಬೇರ್ಪಡಿಸಿದರು. ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತ ಮತ್ತೆ ಕೆರಳದಂತೆ ತಡೆಯುವುದರಲ್ಲಿ ಆ ತಳಿ ಈ ಕಾಯಿಲೆಗೆ ಕೊಡುವ ಮೆಸಲಜಿನ್ ಮಾತ್ರೆಗೆ ಸರಿಸಮ ಎಂದು ಮುಂದೆ ಪ್ರಯೋಗಗಳು ತೋರಿಸಿದವು. ಇ. ಕೋಲೈ ಕುಟುಂಬದಲ್ಲೇ ಭೇದಿ ತರುವ ತಳಿಗಳೂ ಇವೆ ನೋಡಿ! ನಮ್ಮ ದೇಶದಲ್ಲೂ 2009ರಲ್ಲಿ ಇದೇ ಕಾಯಿಲೆಯ 147 ರೋಗಿಗಳಿಗೆ ಎಂಟು ತಳಿಗಳ ಮಿಶ್ರಣ ಕೊಟ್ಟು ಒಳ್ಳೆಯ ಫಲಿತಾಂಶ ಪಡೆದರು. ಡೋಸ್ ಎಷ್ಟು ಗೊತ್ತಾ? ದಿನಕ್ಕೆ ಎರಡು ಸಲ, ಸಲಕ್ಕೆ 3.6 ಲಕ್ಷ ಕೋಟಿ ಜೀವಾಣು. ಅಂಗಡಿಯ ಪುಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ ಇರುವುದು ಕೆಲವು ನೂರು ಕೋಟಿ. ಇಷ್ಟಾದರೂ ಕರುಳಿನ ಈ ಕಾಯಿಲೆಗೆ ಪ್ರೋಬಯಾಟಿಕ್ ಅನ್ನು ಪ್ರಯೋಗಗಳಲ್ಲಿ ಮಾತ್ರ ಬಳಸಿ ಎಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಹೇಳಿತು.

ಅದು ಕರುಳಿನ ಮಾತಾಯಿತು. ಕೀಲಿಗೆ ಬಂದರೆ ಇರುವುದು ಸಣ್ಣ ಸಣ್ಣ ಅಧ್ಯಯನಗಳು. ಇರಾನಿನಲ್ಲಿ ರುಮಟಾಯ್ಡ್ ಇರುವ 46 ಮಹಿಳೆಯರಲ್ಲಿ ಕೆಲವರಿಗೆ ಒಂದು ಲ್ಯಾಕ್ಟೊಬ್ಯಾಸಿಲಸ್ ತಳಿ, ಉಳಿದವರಿಗೆ ಬರೀ ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟು 8 ವಾರ ನೋಡಿದಾಗ, ತಳಿ ಪಡೆದವರ ಸಿಆರ್‌ಪಿ, ಕೀಲಿನ ಊತ ಸ್ವಲ್ಪ ಇಳಿದವು. ಅಲ್ಲಿಗೆ ನಿಲ್ಲುತ್ತದೆ. ಕೀಲು ಸವೆಯುವುದು ತಪ್ಪಿತು ಎಂದು ಯಾರೂ ತೋರಿಸಿಲ್ಲ. ಇದರಿಂದ ತಾಯಿಯವರಿಗೆ ಹಾನಿ ಆಗುತ್ತದೆ ಎಂದು ನಾನು ಹೇಳುವುದಿಲ್ಲ, ದುಡ್ಡು ದಂಡ ಅಷ್ಟೇ. ಆದರೆ ‘ಒಳ್ಳೆಯ ಬ್ಯಾಕ್ಟೀರಿಯಾ, ಏನೂ ಆಗಲ್ಲ’ ಎಂಬುದು ಎಲ್ಲರಿಗೂ ನಿಜವಲ್ಲ. 2008ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಇದ್ದ ರೋಗಿಗಳಿಗೆ ಪ್ರೋಬಯಾಟಿಕ್ ಕೊಟ್ಟಾಗ ಶೇ. 16 ಮಂದಿ ಸತ್ತರು. ಕೊಡದವರಲ್ಲಿ ಶೇ. 6. ಮುಂದೆ ಎಂದಾದರೂ ತಾಯಿಯವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ದೊಡ್ಡ ಡೋಸ್ ಸ್ಟಿರಾಯ್ಡ್ ಅಥವಾ ಬಯಾಲಜಿಕ್ ಇಂಜೆಕ್ಷನ್ ಶುರುವಾದರೆ, ಐಸಿಯು ಸೇರಬೇಕಾಗಿ ಬಂದರೆ, ಇಂಥ ಪುಡಿಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಅದರ ಬದಲು ಮೊಸರು? ಮನೆ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಯಾರೂ ಎಣಿಸಿರುವುದಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಅದು ಪ್ರೋಬಯಾಟಿಕ್ ಅಲ್ಲ. ಆದರೂ ನನ್ನ ಓಟು ಮೊಸರಿಗೇ. 2021ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 10 ವಾರ ಮೊಸರು, ಕೆಫೀರ್, ಕಿಮ್ಚಿಯಂಥ ಹುದುಗಿದ ಆಹಾರ ಧಾರಾಳವಾಗಿ ತಿಂದಿತು. ಅವರ ಕರುಳಿನ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಅವರು ರೋಗಿಗಳಲ್ಲ, ಸಂಖ್ಯೆಯೂ ಸಣ್ಣದು. ಆದರೆ ಮೊಸರಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಬೇಕಾಗಿಲ್ಲ. ಊಟದ ಕೊನೆಗೆ ಮೊಸರನ್ನ, ಮಧ್ಯಾಹ್ನ ಮಜ್ಜಿಗೆ ಇರಲಿ. ಇಡ್ಲಿ ಹಿಟ್ಟೂ ಹುದುಗಿದ್ದೇ, ಆದರೆ ಬೇಯಿಸಿದಾಗ ಜೀವಾಣು ಸಾಯುತ್ತವೆ.

ತಮಾಷೆ ಏನೆಂದರೆ, ತಾಯಿಯವರಿಗೆ ನಿಜವಾಗಿ ಬೇಕಾದ ಪೂರಕ ಅವರ ಚೀಟಿಯಲ್ಲೇ ಇದೆ: ಬುಧವಾರದ ಫೋಲಿಕ್ ಆಸಿಡ್. ಮೆಥೊಟ್ರೆಕ್ಸೇಟ್‌ನಿಂದ ಬರುವ ಬಾಯಿಹುಣ್ಣು, ಹೊಟ್ಟೆ ತೊಳಸುವುದು, ಲಿವರ್ ಎಂಜೈಮ್ ಏರುವುದು ಇದರಿಂದ ಕಡಿಮೆಯಾಗುತ್ತದೆ. ಕೆಲವೇ ರೂಪಾಯಿಯ ಮಾತ್ರೆ, ಅದಕ್ಕೆ ಜಾಹೀರಾತಿಲ್ಲ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಕಡಿಮೆ ಇದ್ದರೆ ಕೊಡಬಹುದು. ಮೂಳೆಗೆ ಒಳ್ಳೆಯದು, ಆದರೆ ಬಂದ ಸಂಧಿವಾತವನ್ನು ಅದು ಇಳಿಸುವುದಿಲ್ಲ. ವಾರಕ್ಕೊಮ್ಮೆಯ 60,000 ಯೂನಿಟ್ ಪೊಟ್ಟಣವನ್ನು ದಿನಾ ತಿನ್ನಬಾರದು. ಅಮೃತಬಳ್ಳಿಯನ್ನೂ ಯಾರಾದರೂ ಹೇಳಿಯಾರು. ಬೇಡ. ಇದು ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬಂದ ಕಾಯಿಲೆ ಅಲ್ಲ, ಅದನ್ನು ಕೆರಳಿಸುವುದರಿಂದ ಲಾಭ ಇಲ್ಲ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದವರಲ್ಲಿ ಲಿವರ್ ತೊಂದರೆ ಕಂಡಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆದರೂ ಮೆಥೊಟ್ರೆಕ್ಸೇಟ್ ತಿನ್ನುವವರ ಮೇಲೆ ಪರೀಕ್ಷೆ ಮಾಡಿ ನೋಡುವ ವಿಷಯ ಇದಲ್ಲ.

ಇವೆಲ್ಲಕ್ಕಿಂತ ಅಪಾಯದ್ದು ಹೆಸರು, ಲೇಬಲ್ ಏನೂ ಇಲ್ಲದ ‘ಕೀಲುನೋವಿನ ಪುಡಿ’. ಎರಡು ದಿನದಲ್ಲಿ ಪವಾಡದ ಹಾಗೆ ನೋವು ಹೋದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಅನುಮಾನ ಪಡಿ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ. ತಿಂಗಳುಗಟ್ಟಲೆ ತಿಂದು ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಆಸ್ಪತ್ರೆ ಸೇರಬೇಕಾಗುತ್ತದೆ. ನಿಮ್ಮ ಡಬ್ಬಿಗಳು ಅಂಥವಲ್ಲ ಅಂದುಕೊಂಡಿದ್ದೇನೆ. ಆದರೂ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯಾ ನೋಡಿ. ಅಲ್ಲೇ ಹತ್ತಿರದಲ್ಲಿ ‘ಔಷಧವಾಗಿ ಬಳಸುವಂತಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಕಾನೂನು ಪ್ರಕಾರ ಅದನ್ನು ಹಾಕಲೇಬೇಕು. ಮಾರಿದವರಿಗೆ ಆ ಸಾಲು ತೋರಿಸಿ ಮಾತಾಡಿ.

ಆಹಾರದ ಬಗ್ಗೆ ಉದ್ದ ಭಾಷಣ ಬೇಡ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ರುಮಟಾಯ್ಡ್‌ಗೆ ಪೂರಕಗಳ ವಿರುದ್ಧವೇ ಸಲಹೆ ಕೊಟ್ಟಿದೆ. ತರಕಾರಿ, ಕಾಳು, ಇಡಿ ಧಾನ್ಯ, ಒಳ್ಳೆಯ ಎಣ್ಣೆ ಇರುವ ಮೆಡಿಟರೇನಿಯನ್ ರೀತಿಯ ಊಟದ ಪರ ಮಾತಾಡಿದೆ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಸೊಪ್ಪು, ಶೇಂಗಾ ಚಟ್ನಿ ತಿನ್ನುವ ಮನೆಗೆ ಇದು ದೂರದ್ದೇನಲ್ಲ. ಅತಿ ಗಟ್ಟಿಯಾದ ಶಿಫಾರಸು ಅಲ್ಲಿ ವ್ಯಾಯಾಮಕ್ಕೆ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಹೊರಗೆ ಕಳಿಸಿ.

ಮುಂದಿನ ಭೇಟಿಗೆ ಮೂರೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಎರಡು ವಾರ ಅರಿಶಿನದ ಕ್ಯಾಪ್ಸೂಲ್ ನುಂಗಿರುವುದರಿಂದ ಲಿವರ್ ಪರೀಕ್ಷೆಯನ್ನು ಈ ಸಲ ಸ್ವಲ್ಪ ಮುಂಚೆಯೇ ಮಾಡಿಸಬೇಕಾ ಎಂದು ಕೇಳಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ ಕಂಡರೆ ಭೇಟಿಯ ದಿನಕ್ಕೆ ಕಾಯಬೇಡಿ. ಇನ್ನೊಂದು ವಿಷಯವನ್ನು ನೀವಾಗಿಯೇ ಎತ್ತಿ. ಸಿಆರ್‌ಪಿ 18, ಬೆಳಿಗ್ಗೆ ಅರ್ಧ ಗಂಟೆ ಬಿಗಿತ ಎಂದರೆ ಕಾಯಿಲೆ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲದಿರಬಹುದು. ತಾಯಿಯವರು ಬೇರೆ ದಾರಿ ಹುಡುಕಿದ್ದೂ ಅದಕ್ಕೇ ಇರಬೇಕು. ಲಿವರ್, ರಕ್ತಕಣ ಸರಿಯಿದ್ದರೆ ಮೆಥೊಟ್ರೆಕ್ಸೇಟ್ ಅನ್ನು 15ರಿಂದ 20, 25 ಮಿ.ಗ್ರಾಂವರೆಗೆ ಏರಿಸಲು ಜಾಗ ಇದೆ. ಮಾತ್ರೆ ಒಗ್ಗದಿದ್ದರೆ ಅದೇ ಔಷಧ ಇಂಜೆಕ್ಷನ್ ರೂಪದಲ್ಲಿದೆ. ಸಲ್ಫಾಸಲಜಿನ್ ಸೇರಿಸಬಹುದು. ಇವುಗಳಲ್ಲಿ ಯಾವುದು ಸರಿ ಎಂದು ವೈದ್ಯರನ್ನು ಕೇಳಿ.